ಕಡ್ಡಿಯಪ್ಪನ ಬಲಗೈ

ಆ ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ನಾಲ್ಕು ಜನ ಇದ್ದೆವು. ದೊಡ್ಡತ್ತೆ, ನನ್ನ ಹೆಂಡತಿ ಶಾರದ, ಫಿಜಿಯೋಥೆರಪಿಯ ಹುಡುಗಿ ವಿನುತ, ಮತ್ತೆ ನಾನು. ಆದರೆ ಟಿವಿಯ ಕೆಳಗೆ ಕೂತಿದ್ದ ಕ್ಯಾಮೆರಾದ ಲೆಕ್ಕದಲ್ಲಿ ಮೂರೇ ಜನ. ಬಿಟ್ಟುಹೋದವರು ದೊಡ್ಡತ್ತೆ. ಆ ಕ್ಯಾಮೆರಾ ನಮ್ಮ ಮನೆಗೆ ಬಂದಿದ್ದೇ ಅವರಿಗೋಸ್ಕರ, ಅದಕ್ಕೆ ಕಾಣಿಸದೆ ಹೋದವರೂ ಅವರೇ. ವಿನುತ ಲ್ಯಾಪ್‌ಟಾಪನ್ನು ತಟ್ಟಿದಳು, ಕ್ಯಾಮೆರಾವನ್ನು ಒಂದು ಗೇಣು ಮೇಲಕ್ಕೆತ್ತಿದಳು, ಕಿಟಕಿಯ ಪರದೆ ಎಳೆದಳು. ಕೊನೆಗೆ ಬಹಳ ಸಂಕೋಚದಿಂದ, "ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಇದಕ್ಕೆ ನಿಮ್ ಕಾಲು ಕಾಣಿಸ್ತಾ ಇಲ್ಲ" ಅಂದಳು. ದೊಡ್ಡತ್ತೆ ಸೀರೆಯ ಅಂಚನ್ನು ಎರಡಿಂಚು ಎತ್ತಿ, ತಮ್ಮ ಪಾದಗಳನ್ನು ತಾವೇ ಒಮ್ಮೆ ನೋಡಿಕೊಂಡರು. "ಇಲ್ಲೇ ಅವಲ್ಲವ್ವ, ಬೆಳಿಗ್ಗೆ ತಾನೆ ತೊಳ್ದಿವ್ನಿ. ಕಾಲಿಲ್ದಿರೋಕೆ ನಾನೇನು ದೆವ್ವಾನಾ?"

ಮುಂದಿನದನ್ನು ಹೇಳುವ ಮೊದಲು ನನ್ನ ಒಂದು ಗುಟ್ಟು ಹೇಳಿಬಿಡುತ್ತೇನೆ. ನಮ್ಮ ಹೆಡ್‌ಮಾಸ್ಟರಿಗೆ ಮಾತ್ರ ಮುಟ್ಟಿಸಬೇಡಿ. ನಾನು ಟಿ. ದಾಸರಹಳ್ಳಿಯ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಡ್ರಿಲ್ ಮೇಷ್ಟ್ರು ಎಂದಕೂಡಲೆ ಜನ ಒಬ್ಬ ಉಕ್ಕಿನ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾರೆ. ಮೈದಾನದ ನಡುವೆ ಎದೆ ಸೆಟೆಸಿ ನಿಂತು, ಐನೂರು ಮಕ್ಕಳ ಕೈಕಾಲನ್ನು ಒಂದೇ ಕೂಗಿಗೆ ಮೇಲೆ ಕೆಳಗೆ ಮಾಡಿಸುವವನ ಕೈಕಾಲು ಹೇಗಿರಬೇಕು ಅಂತ. ನಿಜ ಏನೆಂದರೆ, ನಮ್ಮ ವ್ಯಾಯಾಮವೆಲ್ಲ ಬಾಯಲ್ಲೇ. ಮೊದಲ ನಾಲ್ಕೈದು ವರ್ಷ ನಾನೂ ಮಕ್ಕಳ ಜೊತೆ ಬಗ್ಗಿ ಎದ್ದು ಮಾಡಿದ್ದುಂಟು. ಆಮೇಲೆ "ಸಾವಧಾನ್" ಎಂದು ಕೂಗಿದರೆ ಮಕ್ಕಳು ನಿಲ್ಲುತ್ತಾರೆ, ನಾನು ನಿಲ್ಲದಿದ್ದರೂ ನಡೆಯುತ್ತದೆ ಎನ್ನುವುದು ತಿಳಿಯಿತು. ಬಲಗೈಯಲ್ಲಿ ಸೀಟಿ ಹಿಡಿದರೆ ಅದು ಎದೆಮಟ್ಟದಿಂದ ಬಾಯಿಗೆ, ಬಾಯಿಯಿಂದ ಎದೆಮಟ್ಟಕ್ಕೆ ಓಡಾಡಬೇಕಷ್ಟೆ. ಇಪ್ಪತ್ತು ವರ್ಷ ಅದು ಅದಕ್ಕಿಂತ ಮೇಲೆ ಹೋದದ್ದೇ ಇಲ್ಲ. ಈ ವಿಷಯ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆ ಅನ್ನುವುದೇ ಈ ಕತೆ.

ದೊಡ್ಡತ್ತೆ ನಮ್ಮಪ್ಪನ ಅಕ್ಕ, ಹುಣಸಮಾರನಹಳ್ಳಿಯವರು. ತಾಯಿ ಇಲ್ಲದ ನನ್ನನ್ನು ಬೆಳೆಸಿದವರು ಅವರೇ. ನಾನು ಕಲಿತ ಕನ್ನಡವೂ ಅವರದ್ದೇ. ಶಾಲೆಗೆ ಸೇರಿದ ಮೊದಲ ವರ್ಷ ಮೇಷ್ಟ್ರು, "ಹೋಗು ಅನ್ನೋದಕ್ಕೆ ಓಗು ಅಂತ ಬರೆದಿದ್ದೀಯಲ್ಲೋ" ಎಂದು ಕಿವಿ ಹಿಂಡಿದ್ದರು. ಮನೆಗೆ ಬಂದು ಹೇಳಿದರೆ ದೊಡ್ಡತ್ತೆ, "ಆ ಮೇಷ್ಟ್ರಿಗೆ ಬಾಯಿ ತುಂಬಾ ಗಾಳಿ ಐತೆ ಕಣ್ಲಾ, ಅದಕ್ಕೆ ಆಚೆ ಬಿಡ್ತಾನೆ" ಅಂದಿದ್ದರು. ಈಗ ಯಲಹಂಕದ ಹಳೇ ಊರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ನಮ್ಮ ಮನೆಯಲ್ಲಿ ಸೊಪ್ಪಿನ ಸಾರು ಯಾರು ಬೇಕಾದರೂ ಮಾಡಬಹುದು. ಹಿಟ್ಟು ತಿರುವುವುದು ಮಾತ್ರ ದೊಡ್ಡತ್ತೆಯ ಹಕ್ಕು. ನಮ್ಮ ಕಡೆ ರಾಗಿ ಮುದ್ದೆಗೆ ಹಿಟ್ಟು ಅಂತಲೇ ಹೆಸರು, ದೊಡ್ಡತ್ತೆಯ ಬಾಯಲ್ಲಿ "ಇಟ್ಟು". ಅವರು ನೆಲದ ಮೇಲೆ ಕೂತು, ಕುದಿಯುವ ಪಾತ್ರೆಯನ್ನು ಕವೆಗೋಲಿನಿಂದ ಅಲ್ಲಾಡದಂತೆ ಒತ್ತಿ ಹಿಡಿದು, ಎರಡು ಕೈಯಲ್ಲಿ ಕೋಲು ತಿರುವುತ್ತಿದ್ದರೆ ಭುಜದಿಂದ ಸೊಂಟದವರೆಗೆ ಇಡೀ ಮೈ ಒಂದೇ ಗಾಣದಂತೆ ಸುತ್ತುತ್ತಿತ್ತು. ಗಂಟಿಲ್ಲದ, ಹೊಳೆಯುವ ಮುದ್ದೆ.

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಅವರ ಬಲಗೈ ಮೂಳೆ ಮುರಿಯಿತು. ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿಕೊಂಡಿತ್ತು, ಭುಜ ಮಾತ್ರ ಬಿಗಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಮೂಳೆ ಡಾಕ್ಟರು ಆರು ವಾರ ಗಡುವು ಕೊಟ್ಟರು. ವ್ಯಾಯಾಮದಿಂದ ಬಿಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು, ಮತ್ತು ಬರುವ ಮದ್ದು ಕೊಟ್ಟು, ತಾವೇ ತೋಳು ಹಿಡಿದು ಬಿಡಿಸುತ್ತೇವೆ ಅಂದರು. ದೊಡ್ಡತ್ತೆ ಆಟೋದಲ್ಲಿ ನನ್ನ ತೋಳು ಹಿಡಿದೇ ಬಂದರು. ಮನೆ ಬಾಗಿಲಿಗೆ ಬಂದ ಮೇಲೆ, "ಎಚ್ಚರ ತಪ್ಸಿ ತಿರುಗ್ಸೋಕೆ ಇದೇನು ಬಾವಿ ರಾಟೆನೇನ್ಲಾ ನಾಗ? ಮತ್ತು ಬಂದೋಳು ಏಳ್ದೇ ಓದ್ರೆ?" ಅಂದರು. ನಗುತ್ತಲೇ ಅಂದರು. ಆದರೆ ನನ್ನ ತೋಳನ್ನು ಹಿಡಿದಿದ್ದ ಎಡಗೈ ನಗುತ್ತಿರಲಿಲ್ಲ.

ಆಗ ಬಂದವಳು ವಿನುತ. ಹೆಬ್ಬಾಳದ ಹತ್ತಿರ ಒಂದು ಸಣ್ಣ ಕಂಪನಿ, ಎರಡೇ ಕೋಣೆ. ಒಂದರಲ್ಲಿ ಮಕ್ಕಳ ಕಾರ್ಟೂನು ಮಾಡುತ್ತಾರೆ, ಇನ್ನೊಂದರಲ್ಲಿ ಕೈಕಾಲು ಬಿದ್ದವರಿಗೆ ವ್ಯಾಯಾಮದ ಯಂತ್ರ ಮಾಡುತ್ತಾರೆ. ಕಾರ್ಟೂನಿಗೂ ಕೈಕಾಲಿಗೂ ಏನಮ್ಮ ಸಂಬಂಧ ಎಂದು ಕೇಳಿದೆ. "ಎರಡಕ್ಕೂ ಮನುಷ್ಯರು ಹೇಗೆ ಅಲ್ಲಾಡ್ತಾರೆ ಅಂತ ಗೊತ್ತಾಗ್ಬೇಕಲ್ಲ ಸಾರ್" ಅಂದಳು. ಮೊದಲೆಲ್ಲ ಇದಕ್ಕೆ ಮೈಗಂಟಿದ ಕಪ್ಪು ಬಟ್ಟೆ ತೊಡಿಸಿ, ಕೀಲು ಕೀಲಿಗೂ ಗೋಲಿಯಂಥ ಬಿಳಿ ಉಂಡೆ ಅಂಟಿಸಿ, ಆ ಉಂಡೆಗಳು ಹೋದ ದಾರಿಯನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರಂತೆ. ಈಗ ಏನೂ ಅಂಟಿಸಬೇಕಾಗಿಲ್ಲ. ಕ್ಯಾಮೆರಾ ಬರೀ ನೋಡಿ, ಇದು ಮೊಣಕೈ, ಇದು ಮಂಡಿ ಎಂದು ಊಹೆಯಿಂದಲೇ ಹೇಳುತ್ತದೆ. ಟಿವಿಯಲ್ಲಿ ನಮ್ಮದೇ ಒಂದು ಕಡ್ಡಿ ಬೊಂಬೆ ಬರುತ್ತದೆ. ನಾವು ಕೈ ಎತ್ತಿದರೆ ಅದು ಎತ್ತುತ್ತದೆ, ನಾವು ನಡೆದರೆ ಅದು ನಡೆಯುತ್ತದೆ, ಎಷ್ಟು ಎತ್ತಿದೆವು ಎನ್ನುವ ಲೆಕ್ಕ ದಿನಾ ಸಂಜೆ ವಿನುತಳ ಆಫೀಸಿಗೆ ಹೋಗುತ್ತದೆ. ಯಂತ್ರವನ್ನು ಪರೀಕ್ಷೆ ಮಾಡಲು ಅವರಿಗೆ ಒಬ್ಬ ಅಜ್ಜಿ ಬೇಕಿತ್ತು. ನಮಗೆ ಆಸ್ಪತ್ರೆ ತಪ್ಪಿಸಿಕೊಳ್ಳಲು ಒಂದು ದಾರಿ ಬೇಕಿತ್ತು.

ಊಹೆಯಿಂದ ಹೇಳುತ್ತದೆ ಅಂದೆನಲ್ಲ, ಆ ಊಹೆ ಸೀರೆಯನ್ನು ನೋಡಿಯೇ ಇರಲಿಲ್ಲ. ಯಂತ್ರಕ್ಕೆ ಪಾಠ ಹೇಳಿಕೊಟ್ಟವರೆಲ್ಲ ಪ್ಯಾಂಟು ತೊಟ್ಟವರಿರಬೇಕು. ಮನುಷ್ಯ ಎಂದರೆ ಎರಡು ಕಾಲು, ನಡುವೆ ಸಂದು, ಅಷ್ಟೇ ಅದರ ತಿಳಿವಳಿಕೆ. ಶಾರದ ಚೂಡಿದಾರ್ ಹಾಕಿದ್ದಳು, ವಿನುತ ಜೀನ್ಸ್ ಹಾಕಿದ್ದಳು, ನಾನು ಟ್ರ್ಯಾಕ್ ಪ್ಯಾಂಟಿನಲ್ಲಿದ್ದೆ. ನಾವೆಲ್ಲ ಮನುಷ್ಯರಾದೆವು. ದೊಡ್ಡತ್ತೆ ಅದರ ಕಣ್ಣಿಗೆ ಪರದೆಯೋ, ಕಂಬವೋ, ಮುಚ್ಚಿಟ್ಟ ಫ್ರಿಜ್ಜೋ ಆಗಿದ್ದರು. ನಾನು ಧಾರಾಳವಾಗಿ, "ಅತ್ತೆ, ನನ್ನದೇ ಒಂದು ಟ್ರ್ಯಾಕ್ ಪ್ಯಾಂಟು ಹಾಕ್ಕೊಳ್ಳಿ" ಅಂದೆ. ಶಾರದ ಸೆರಗಿಲ್ಲದ ಚೂಡಿದಾರಿನಲ್ಲೂ ಬಾಯಿಗೆ ಸೆರಗು ಹುಡುಕುತ್ತಿದ್ದಳು. ದೊಡ್ಡತ್ತೆ ನಿಧಾನವಾಗಿ ಕೇಳಿದರು: "ನೀನು ನನ್ನ ಸೀರೆ ಉಟ್ಕೋತೀಯೇನ್ಲಾ? ಉಟ್ಕೋ. ಆಮ್ಯಾಕೆ ನಾನು ನಿನ್ನ ಪ್ಯಾಂಟು ಆಕ್ಕೋತೀನಿ." ಆ ವಿಷಯ ಅಲ್ಲಿಗೇ ಮುಗಿಯಿತು. ವಿನುತ ಏನೋ ತಿದ್ದುಪಡಿ ಮಾಡಿ, "ಕಾಲು ಬಿಟ್ಟು ಸೊಂಟದ ಮೇಲೆ ಮಾತ್ರ ನೋಡು" ಎಂದು ಯಂತ್ರವನ್ನು ಒಪ್ಪಿಸಿದಳು. ಟಿವಿಯಲ್ಲಿ ಅರ್ಧ ಬೊಂಬೆಯೊಂದು ಎದ್ದು ನಿಂತಿತು. ದೊಡ್ಡತ್ತೆ ಕೈ ಎತ್ತಿದರು, ಅದೂ ಎತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ವಿನುತ ಕಾಫಿ ಕುಡಿದು ಹೋದಳು.

ಮರುದಿನದಿಂದ ನಾನು ಹೊಣೆ ಹೊತ್ತುಕೊಂಡೆ. ಮನೆಯಲ್ಲೇ ಡ್ರಿಲ್ ಮೇಷ್ಟ್ರು ಇರುವಾಗ ದೊಡ್ಡತ್ತೆ ಒಬ್ಬರೇ ವ್ಯಾಯಾಮ ಮಾಡುವುದುಂಟೆ? ಅವರ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತು, "ಒಂದು, ಎರಡು, ಕೈ ಮೇಲೆ, ಉಸಿರು ಒಳಗೆ" ಎಂದು ಹೇಳುತ್ತಾ, ಅವರಿಗೆ ಹುರುಪು ಬರಲಿ ಎಂದು ನಾನೂ ಜೊತೆಗೆ ಮಾಡುತ್ತಿದ್ದೆ. ನಾನು ಕೈ ಎತ್ತಿದ್ದು ಹೇಗೆ ಎನ್ನುವ ವಿವರ ಈಗ ಬೇಡ. ಟಿವಿಯಲ್ಲಿ ಕಡ್ಡಿ ಬೊಂಬೆ ಕಾಲು ಸಮೇತ ಪೂರ್ತಿಯಾಗಿ ಬರತೊಡಗಿತು. ನೋಡಿ, ಯಂತ್ರ ಸೀರೆಯನ್ನು ಕಲಿತುಕೊಂಡಿತು ಎಂದು ಶಾರದಳನ್ನು ಅಡಿಗೆ ಮನೆಯಿಂದ ಕರೆದು ತೋರಿಸಿದೆ. ಅವಳ ಕೈಯಲ್ಲಿ ಒಗ್ಗರಣೆ ಸೌಟಿತ್ತು, "ಆಯ್ತು ರೀ" ಎಂದು ಹೋದಳು.

ದೊಡ್ಡತ್ತೆ ಆ ಬೊಂಬೆಗೆ ಕಡ್ಡಿಯಪ್ಪ ಎಂದು ಹೆಸರಿಟ್ಟರು. ಮೂರನೇ ದಿನದಿಂದಲೇ ಅವರಿಗೂ ಕಡ್ಡಿಯಪ್ಪನಿಗೂ ಸರಿಬರಲಿಲ್ಲ.

"ಲೋ ನಾಗ, ಈ ಕಡ್ಡಿಯಪ್ಪ ಬಲೇ ಸೋಮಾರಿ ಕಣ್ಲಾ. ನಾನು ಗದ್ದದ ಗಂಟ ಎತ್ತಿದ್ರೆ ಅವನು ಎದೇಗಂಟ ಎತ್ತಿ ಸಾಕಪ್ಪ ಅಂತಾನೆ."

"ಅತ್ತೆ, ನಿಮಗೆ ಹಾಗನ್ನಿಸುತ್ತೆ. ಯಂತ್ರ ಸುಳ್ಳು ಹೇಳಲ್ಲ. ಕೈ ಮೇಲೆ, ಮೂರು, ನಾಲ್ಕು."

"ನಡಿಗೆ ನೋಡು. ಬಲಗಾಲು ಎಳೀತಾನೆ. ಇಂಗೆ ನಡೆಯೋರ್ನ ಎಲ್ಲೋ ನೋಡಿವ್ನಿ."

"ಮಾತಾಡಬೇಡಿ, ಉಸಿರು ತಪ್ಪುತ್ತೆ."

ಇಪ್ಪತ್ತಾರು ವರ್ಷ ಮಕ್ಕಳ ನೆಪಗಳನ್ನು ಕೇಳಿದ ಕಿವಿ ನನ್ನದು. ಹೊಟ್ಟೆನೋವು, ಶೂ ಹರಿದಿದೆ, ಅಜ್ಜಿ ಊರಿಗೆ ಬಂದಿದ್ದಾರೆ. ಈಗ ಅಜ್ಜಿಯೇ ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ನನ್ನ ಕಣ್ಣೆಲ್ಲ ಕೈಗಡಿಯಾರದ ಮೇಲೆ, ಬಾಯೆಲ್ಲ ಎಣಿಕೆಯಲ್ಲಿ. ಕಡ್ಡಿಯಪ್ಪನನ್ನು ಸರಿಯಾಗಿ ನೋಡಿದವರು ಮನೆಯಲ್ಲಿ ಒಬ್ಬರೇ. ಅವರ ಬಾಯನ್ನು ನಾನೇ ಮುಚ್ಚಿಸಿದ್ದೆ.

ವರದಿಗಳು ಬರತೊಡಗಿದವು. ಎರಡನೇ ವಾರ, ಪ್ರಗತಿ ಇಲ್ಲ. ಮೂರನೇ ವಾರ, ಪ್ರಗತಿ ಇಲ್ಲ, ನಡಿಗೆಯಲ್ಲಿ ಸಮತೋಲನ ಸಾಲದು. ನಾಲ್ಕನೇ ವಾರ, ಬಲ ಭುಜ ತೊಂಬತ್ತು ಡಿಗ್ರಿ ದಾಟುತ್ತಿಲ್ಲ, ಬಲಮಂಡಿ ಪೂರ್ತಿ ಮಡಚುತ್ತಿಲ್ಲ, ರೋಗಿಗೆ ಬೇಗ ಸುಸ್ತಾಗುತ್ತಿದೆ. ನಾನು ಈ ವರದಿಯನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, "ಅತ್ತೆ, ಮನಸ್ಸಿಟ್ಟು ಮಾಡ್ತಾ ಇಲ್ಲ ನೀವು" ಎಂದು ಗದರಿದೆ. ದೊಡ್ಡತ್ತೆ ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಯಲ್ಲಿ ನಪಾಸಾದ ಮಗುವನ್ನು ತಾಯಿ ಸವರುವಂತೆ ಅದನ್ನು ಎಡಗೈಯಿಂದ ಸವರುತ್ತಾ ಕೂತರು. ಆಸ್ಪತ್ರೆಗೆ ಒಯ್ಯಲು ಒಂದು ಚೀಲದಲ್ಲಿ ಎರಡು ಸೀರೆ, ಒಂದು ಲೋಟ ತುಂಬಿಟ್ಟುಕೊಂಡಿದ್ದನ್ನು ಶಾರದ ನೋಡಿದಳಂತೆ.

ಐದನೇ ವಾರ ವಿನುತ ಫೋನ್ ಮಾಡಿದಳು. "ಸಾರ್, ಅಜ್ಜಿ ಐದಡಿನೂ ಇರಲಿಲ್ಲ ಅಲ್ವಾ? ಇದರಲ್ಲಿ ಐದಡಿ ಏಳಿಂಚು ತೋರಿಸ್ತಿದೆ."

ನಾನು ಸ್ವಲ್ಪವೂ ತಡವರಿಸಲಿಲ್ಲ. "ದಿನಾ ವ್ಯಾಯಾಮ ಮಾಡಿದ್ರೆ ಬೆನ್ನು ನೆಟ್ಟಗಾಗುತ್ತೆ ಕಣಮ್ಮ" ಅಂದೆ.

"ಸಾರ್, ನಾನು ಭಾನುವಾರ ಬರ್ತೀನಿ" ಅಂದಳು.

ಮತ್ತೆ ಅದೇ ನಡುಮನೆ, ಅದೇ ನಾಲ್ಕು ಜನ. ದೊಡ್ಡತ್ತೆ ಕ್ಯಾಮೆರಾದ ಮುಂದೆ ನಿಂತರು, ನಾನು ಅರ್ಧ ಹೆಜ್ಜೆ ಹಿಂದೆ. ಟಿವಿಯಲ್ಲಿ ಕಡ್ಡಿಯಪ್ಪ. ವಿನುತ, "ಸಾರ್, ನೀವು ಸುಮ್ನೆ ಕೂತ್ಕೊಳ್ಳಿ, ಅಜ್ಜಿ ಒಬ್ರೇ ಮಾಡ್ಲಿ" ಅಂದಳು. ನಾನು ಸೋಫಾದ ಮೇಲೆ ಕೂತೆ. ಕಡ್ಡಿಯಪ್ಪನೂ ಕೂತ.

ದೊಡ್ಡತ್ತೆ ನಿಂತೇ ಇದ್ದಾರೆ. ಕಡ್ಡಿಯಪ್ಪ ಕಾಲು ಚಾಚಿ ಆರಾಮಾಗಿ ಕೂತಿದ್ದಾನೆ. ನಾನು ಗಾಬರಿಯಿಂದ ತಲೆ ಕೆರೆದುಕೊಂಡೆ. ಅವನೂ ತಲೆ ಕೆರೆದುಕೊಂಡ. ನಾನು ಕೈಯನ್ನು ಥಟ್ಟನೆ ಕೆಳಗಿಳಿಸಿದೆ. ಅವನೂ ಕಳ್ಳನಂತೆ ಇಳಿಸಿದ. ದೊಡ್ಡತ್ತೆ ಟಿವಿಯತ್ತ ಒಮ್ಮೆ, ಸೋಫಾದತ್ತ ಒಮ್ಮೆ ನೋಡಿದರು. ಆಮೇಲೆ ಅವರ ಮುಖ ಅರಳಿದ ಚಂದವನ್ನು ಏನು ಹೇಳಲಿ! "ಅಯ್ಯೋ ನನ್ನ ಕಂದ, ನೀನೇನ್ಲಾ ಕಡ್ಡಿಯಪ್ಪ!"

ವಿನುತ ತುಟಿ ಕಚ್ಚಿಕೊಂಡು ವಿವರಿಸಿದಳು. ಪಕ್ಕದಲ್ಲೇ ಎರಡು ಕಾಲಿನ ಪೂರ್ತಿ ಮನುಷ್ಯ ಸಿಕ್ಕಾಗ ಯಂತ್ರ ಅರ್ಧ ಮನುಷ್ಯರನ್ನು ಬಿಟ್ಟು ಅವನನ್ನೇ ಹಿಡಿದುಕೊಂಡಿದೆ. ಐದು ವಾರ ಅಳೆದದ್ದೆಲ್ಲ ನನ್ನನ್ನು. ಎಪ್ಪತ್ತೆರಡು ವರ್ಷದ ಹೆಂಗಸು, ಭುಜ ತೊಂಬತ್ತು ದಾಟುವುದಿಲ್ಲ, ಮಂಡಿ ಮಡಚುವುದಿಲ್ಲ, ಬೇಗ ಸುಸ್ತು. "ಅಂದ್ರೆ ಈ ವರದಿ…" ಎಂದು ನಾನು ಶುರುಮಾಡಿದೆ. "ನಿಮ್ದೇ ರೀ" ಎಂದು ಶಾರದ ಮುಗಿಸಿದಳು.

ದೊಡ್ಡತ್ತೆ ಮಾತ್ರ ಇನ್ನೂ ಪೂರ್ತಿ ನಗುತ್ತಿರಲಿಲ್ಲ. "ಅಂಗಾರೆ ನನ್ನ ಕೈ ಎಂಗೈತೆ?" ಎಂದು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ನನ್ನನ್ನು ಅಡಿಗೆ ಮನೆಗೆ ಅಟ್ಟಿದರು, ಅಲ್ಲಿಂದ ಇಣುಕಿದೆ. ದೊಡ್ಡತ್ತೆ ಯಾರೂ ಹೇಳದೆ, ಹಿಂದೆ ಗದ್ದೆಯಲ್ಲಿ ನಾಟಿಗೆ ಇಳಿಯುವಾಗ ಮಾಡುತ್ತಿದ್ದ ಹಾಗೆ, ನೆರಿಗೆಯನ್ನು ಎರಡು ಕಾಲ ನಡುವೆ ಹಿಂದಕ್ಕೆಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದರು. ಟಿವಿಯಲ್ಲಿ ಕುಳ್ಳಗಿನ, ಹೊಸದೊಂದು ಬೊಂಬೆ ಕಾಲು ಸಮೇತ ಎದ್ದು ನಿಂತಿತು. ಅದು ಕೈ ಎತ್ತಿತು. ಎದೆ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಹೋಗಿ ಸೂರಿಗೆ ಬೆರಳು ತೋರಿಸಿತು. ವಿನುತ ಅಂಕಿ ಓದಲಿಲ್ಲ, "ಅಜ್ಜೀ!" ಎಂದು ಕೂಗಿ ತಬ್ಬಿಕೊಂಡಳು.

"ಇಷ್ಟು ಬಿಟ್ಕೊಂಡಿದೆ ಅಂತ ನಿಮಗೇ ಗೊತ್ತಾಗ್ಲಿಲ್ವಾ ಅತ್ತೆ?" ಎಂದು ನಾನು ಒಳಗಿಂದಲೇ ಕೇಳಿದೆ.

"ಗೊತ್ತಿತ್ತು ಕಣ್ಲಾ. ನೀನು ಮಿಸೀನು ಸುಳ್ಳೇಳಲ್ಲ ಅಂದ್ಯಲ್ಲ, ನನ್ನ ಕೈಯೇ ಸುಳ್ಳೇಳ್ತೈತೇನೋ ಅನ್ಕಂಡೆ."

ಶಾರದ ನನ್ನ ಕಡೆ ತಿರುಗಿ, "ಹತ್ತು ದಿನದಿಂದ ಮುದ್ದೆ ಮತ್ತೆ ಚೆನ್ನಾಗಿದೆ, ನಿನ್ನ ಕೈ ಪಳಗಿತು ಶಾರದ ಅಂತ ನನ್ನನ್ನ ಹೊಗಳ್ತಿದ್ರಲ್ಲ, ಅದನ್ನ ತಿರುವಿದ್ದು ಯಾರು ಅಂದ್ಕೊಂಡ್ರಿ?" ಅಂದಳು. ನಾನು ಶಾಲೆಗೆ ಹೋದ ಮೇಲೆ ದೊಡ್ಡತ್ತೆ ಅಟ್ಟದ ಮೇಲಿನ ಹಿಟ್ಟಿನ ಡಬ್ಬವನ್ನು ಬಲಗೈಯಲ್ಲೇ ಇಳಿಸುತ್ತಿದ್ದರಂತೆ. ನನಗೆ ಹೇಳಿದರೆ, ಭಾರ ಎತ್ತುತ್ತಾರೆಂದು ಡಾಕ್ಟರಿಗೆ ಚಾಡಿ ಹೇಳುತ್ತೇನೆ ಎಂದು ಇಬ್ಬರೂ ಬಾಯಿ ಹೊಲಿದುಕೊಂಡಿದ್ದರು. ಆ ವಾರ ಮೂಳೆ ಡಾಕ್ಟರು ದೊಡ್ಡತ್ತೆಯ ಕೈಯನ್ನು ತಾವೇ ಎತ್ತಿ ನೋಡಿ, "ಆಸ್ಪತ್ರೆ ಬೇಡ, ಹೋಗಿ ಬನ್ನಿ" ಅಂದರು. ಚೀಲದಿಂದ ಸೀರೆಗಳು ಬೀರುವಿಗೆ ವಾಪಸಾದವು. ಲೋಟ ಅಡಿಗೆ ಮನೆಗೆ ಹೋಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ವಿನುತ ಆ ಭಾನುವಾರ ನಮ್ಮಲ್ಲೇ ಊಟಕ್ಕೆ ನಿಂತಳು. ದೊಡ್ಡತ್ತೆ ಹಿಟ್ಟು ತಿರುವುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಅವಳ ಪಕ್ಕದ ಕೋಣೆಯವರು ಮಾಡುತ್ತಿದ್ದ ಮಕ್ಕಳ ಕಾರ್ಟೂನಿಗೆ ಒಬ್ಬ ಅಜ್ಜಿ ಬೇಕಿತ್ತಂತೆ. ದೊಡ್ಡತ್ತೆಯನ್ನು ಹೆಬ್ಬಾಳಕ್ಕೆ ಕರೆದೊಯ್ದೆವು. ಕೋಣೆಯ ಸುತ್ತ ಕ್ಯಾಮೆರಾ, ನಡುವೆ ಖಾಲಿ ಪಾತ್ರೆ. "ಅಜ್ಜಿ, ಮೈಗೆ ಏನೂ ಅಂಟಿಸಲ್ಲ, ಮುದ್ದೆ ಮಾಡೋ ಥರ ಸುಮ್ನೆ ಆಕ್ಟ್ ಮಾಡಿ" ಅಂದರು. ದೊಡ್ಡತ್ತೆ ಖಾಲಿ ಪಾತ್ರೆಯಲ್ಲಿ ಕೋಲನ್ನು ಎರಡು ಸುತ್ತು ಆಡಿಸಿ ಕೈ ಬಿಟ್ಟರು. "ಇಟ್ಟಿಲ್ದೆ ಎಂಗ್ ತಿರುವ್ಲಿ ಮಗಾ? ಕೈಗೆ ಗೊತ್ತಾಗ್ಬೇಕಲ್ಲ." ಕೊನೆಗೆ ಗ್ಯಾಸ್ ಒಲೆ ಬಂತು, ರಾಗಿ ಹಿಟ್ಟು ಬಂತು, ನೀರು ಕುದಿಯಿತು. ಆವಿಗೆ ಎರಡು ಕ್ಯಾಮೆರಾ ಮಬ್ಬಾಗಿ ಒರೆಸಬೇಕಾಯಿತು. ಭುಜದಿಂದ ಸೊಂಟದವರೆಗೆ ಆ ಗಾಣ ಮತ್ತೆ ಸುತ್ತಿತು. ಕಂಪನಿಯವರೆಲ್ಲ ಕಂಪ್ಯೂಟರು ಬಿಟ್ಟು ಸುತ್ತ ನಿಂತಿದ್ದರು. ಕಾರ್ಟೂನಿಗೆ ಬೇಕಾದದ್ದು ಎರಡು ನಿಮಿಷದ ತಿರುವು, ದೊಡ್ಡತ್ತೆ ತಿರುವಿದ್ದು ಹದಿನೆಂಟು ಮುದ್ದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವ ಪಾಠವನ್ನೂ ಅಲ್ಲೇ ಹೇಳಿದರು. ಅಜ್ಜಿಯ ನಡಿಗೆಯನ್ನೂ ಹಿಡಿಯಬೇಕೆ ಎಂದು ನಾನು ಕೇಳಿದೆ. ಬೇಡ ಸಾರ್, ಅಜ್ಜಿ ಹೆಸರಲ್ಲಿ ಐದು ವಾರದ ನಡಿಗೆ ನಮ್ಮ ಹತ್ತಿರ ಆಗಲೇ ಇದೆ ಅಂದರು ಕಾರ್ಟೂನಿನವರು. ಮೂರನೇ ಮುದ್ದೆ ನುಂಗುತ್ತಿದ್ದ ನನಗೆ ಆ ಮಾತು ಗಂಟಲಲ್ಲಿ ಸಿಕ್ಕಲಿಲ್ಲ. ಅದು ಯಾರ ನಡಿಗೆ ಎಂದು ಹೇಳಬಹುದಾಗಿದ್ದ ವಿನುತ ಕೈ ತೊಳೆಯಲು ಹೋಗಿದ್ದಳು.

ಮುಂದಿನ ವರ್ಷ ಒಂದು ಭಾನುವಾರ ಬೆಳಿಗ್ಗೆ ಆ ಕಾರ್ಟೂನು ಟಿವಿಯಲ್ಲಿ ಬಂತು. ವಿನುತ ಸ್ವೀಟ್ ತಂದಿದ್ದಳು. ಅಜ್ಜಿ ಹಿಟ್ಟು ತಿರುವಿದಾಗ ದೊಡ್ಡತ್ತೆ, "ಅಗಾ, ನಾನೇ" ಎಂದು ಕೈ ತೋರಿಸಿದರು. ಅಜ್ಜಿ ಮುದ್ದೆ ಕಟ್ಟಿ, ಎದ್ದು, ಮೊಮ್ಮಗಳನ್ನು ಕರೆಯಲು ಬಾಗಿಲಿಗೆ ನಡೆದಳು. ಬಲಗಾಲು ಎಳೆದುಕೊಂಡು, ಒಂದು ಕೈಯನ್ನು ಎದೆಮಟ್ಟಕ್ಕೆ ಹಿಡಿದುಕೊಂಡು. ಶಾರದ ನನ್ನ ಕಾಲಿನ ಕಡೆ ನೋಡಿದಳು. ದೊಡ್ಡತ್ತೆ ಒಂದು ಮೈಸೂರುಪಾಕನ್ನು ನನ್ನ ಕೈಗಿಟ್ಟು, "ಸೀರೇಲಿ ಚೆನ್ನಾಗೇ ಕಾಣ್ತೀಯ ಕಣ್ಲಾ ನಾಗ" ಅಂದರು.

ಸೋಮವಾರ ಪ್ರಾರ್ಥನೆಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ನಾನು ಸೀಟಿ ಹಿಡಿದು ಧ್ವಜದ ಕಂಬದ ಕಡೆ ನಡೆಯುತ್ತಿದ್ದೆ. ಎರಡನೇ ತರಗತಿಯ ಸಾಲಿನಿಂದ ಒಂದು ಪುಟ್ಟ ಹುಡುಗಿ ತನ್ನ ಗೆಳತಿಗೆ, "ಏಯ್, ಮುದ್ದೆ ಅಜ್ಜಿ ಬಂದ್ರು ಕಣೇ" ಅಂದಳು. ಸಾಲು ಸಾಲೇ ನಕ್ಕಿತು. ನಾನು ಕಂಬದ ಹತ್ತಿರ ನಿಂತು, "ಕೈ ಮೇಲೆ" ಎಂದು ಕೂಗಿದೆ. ಆಮೇಲೆ ಸೀಟಿಯನ್ನು ಜೇಬಿಗೆ ಹಾಕಿ, ನನ್ನ ಬಲಗೈಯನ್ನೂ ಎತ್ತಿದೆ.